ಗದೆ ಏಟಿನ ಏಳು ಫ್ರೇಮು

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಸೌಂಡ್ ಕೆಲಸ ಮಾಡುವವನು. ಮದುವೆ, ಜಾತ್ರೆ, ಸಭೆ ಎಲ್ಲಕ್ಕೂ ಹೋಗುತ್ತೇನೆ. ಆದರೆ ನನಗೆ ರುಚಿ ಹತ್ತಿದ್ದು ಪೌರಾಣಿಕ ನಾಟಕದಲ್ಲಿ. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು, ನಾಟಕದ ಹುಚ್ಚು ಇನ್ನೂ ಬಿಟ್ಟಿಲ್ಲ.

ಕೆಲವು ವರ್ಷದ ಹಿಂದೆ ಗುಬ್ಬಿ ಸೀಮೆಯ ಹಳ್ಳಿಯೊಂದರಲ್ಲಿ ಅಂಥ ನಾಟಕವನ್ನು ರೆಕಾರ್ಡ್ ಮಾಡಿದೆ. ಎರಡು ಕ್ಯಾಮೆರಾ, ನನ್ನ ಡಿಜಿಟಲ್ ಮಿಕ್ಸರ್, ಪಕ್ಕದಲ್ಲಿ ಲ್ಯಾಪ್‌ಟಾಪ್. ರಾತ್ರಿ ಹತ್ತಕ್ಕೆ ಶುರುವಾದದ್ದು ಬೆಳಗ್ಗೆ ಆರಕ್ಕೆ ಮುಗಿಯಿತು. ಆಮೇಲೆ ಚಿತ್ರಕ್ಕೆ ಧ್ವನಿ ಕೂಡಿಸಿ ನೋಡುತ್ತೇನೆ, ಗಣಪತಿ ಪ್ರಾರ್ಥನೆಯಲ್ಲಿ ತುಟಿಗೂ ಹಾಡಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗದಾಯುದ್ಧದ ಹೊತ್ತಿಗೆ ದುರ್ಯೋಧನ ಮೊದಲು ವಾಲುತ್ತಾನೆ, ಗದೆಯ ಸದ್ದು ಆಮೇಲೆ ಬರುತ್ತದೆ!

ಶುರುವಿನಲ್ಲೇ ಎಲ್ಲ ಯಂತ್ರಕ್ಕೂ ಒಂದೇ ಟೈಮ್‌ಕೋಡ್ ಕೊಟ್ಟಿದ್ದೆನಲ್ಲ ಎಂದು ತಲೆ ಕೆರೆದುಕೊಂಡೆ. ಟೈಮ್‌ಕೋಡ್ ಅಂದರೆ ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂದು ಪ್ರತಿ ಚಿತ್ರಕ್ಕೂ ಅಂಟಿಸಿದ ವಿಳಾಸ. 1960ರ ದಶಕದ ಕೊನೆಯಲ್ಲಿ, ವಿಡಿಯೊ ಟೇಪಿನ ಕಾಲದಲ್ಲಿ ಬಂದದ್ದು. ನಮ್ಮ ಟಿವಿಗೆ ಸೆಕೆಂಡಿಗೆ 25 ಫ್ರೇಮು, ಅಂದರೆ 25 ಬಿಡಿ ಚಿತ್ರ. ಶಿರಾ ರಸ್ತೆಯ ಕಿಲೋಮೀಟರು ಕಲ್ಲು ಇದ್ದ ಹಾಗೆ ಅದು. ಎಲ್ಲಿದ್ದೀಯ ಎಂದು ಹೇಳುತ್ತದೆ, ಎಷ್ಟು ಜೋರಾಗಿ ಓಡು ಎಂದು ಹೇಳುವುದಿಲ್ಲ.

ಓಟದ ಲೆಕ್ಕ ಆಯಾ ಯಂತ್ರದೊಳಗೆ ಗಡಿಯಾರದಂತೆ ಬಡಿಯುವ ಹರಳಿನದು. ಎರಡು ಹರಳುಗಳ ನಡುವೆ ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸ ಇದೆ ಅನ್ನಿ. ಏನೂ ಅಲ್ಲ ಅನಿಸುತ್ತದೆ. ಎಂಟು ಗಂಟೆಗೆ 28,800 ಸೆಕೆಂಡು. ಬೆಳಗಾಗುವಷ್ಟರಲ್ಲಿ ಕಾಲು ಸೆಕೆಂಡಿಗಿಂತ ಹೆಚ್ಚು, ಅಂದರೆ ಏಳು ಫ್ರೇಮು ಜಾರಿರುತ್ತದೆ. ಗದೆ ಏಟು ತಪ್ಪಲು ಇನ್ನೇನು ಬೇಕು?

ಇದಕ್ಕೆ ವರ್ಡ್ ಕ್ಲಾಕ್ ಎಂಬ ಇನ್ನೊಂದು ಕೇಬಲ್ ಬೇಕು. ಮಿಕ್ಸರು, ರೆಕಾರ್ಡರು ಎಲ್ಲವೂ ಒಂದೇ ಬಡಿತಕ್ಕೆ ಹೆಜ್ಜೆ ಹಾಕಬೇಕು. ಸೆಕೆಂಡಿಗೆ 48,000 ಸ್ಯಾಂಪಲ್, ಅಂದರೆ ಧ್ವನಿಯ ಅಷ್ಟು ಬಿಡಿ ಅಳತೆ, ಇಟ್ಟರೆ ಒಂದು ಫ್ರೇಮಿಗೆ ಸರಿಯಾಗಿ 1,920 ಬರುತ್ತವೆ. ಕ್ಯಾಮೆರಾಕ್ಕೆ ಅಂಥ ಏರ್ಪಾಟು ಇಲ್ಲದಿದ್ದರೆ, ಪರದೆ ಬಿದ್ದಾಗಲೆಲ್ಲ ರೆಕಾರ್ಡಿಂಗ್ ನಿಲ್ಲಿಸಿ, ಟೈಮ್‌ಕೋಡನ್ನು ಮತ್ತೆ ಕೊಟ್ಟು, ಹೊಸದಾಗಿ ಶುರುಮಾಡಿ. ಆ ರಾತ್ರಿ ನಾನು ಮಾಡದೆ ಬಿಟ್ಟದ್ದು ಅದನ್ನೇ. ಟೀ ಕುಡಿಯಲು ಹೋಗಿದ್ದೆ.

ಇನ್ನು ಮೆಷಿನ್ ಕಂಟ್ರೋಲ್. ಮಿಕ್ಸರಿನ ಪ್ಲೇ ಗುಂಡಿ ಒತ್ತಿದರೆ ಲ್ಯಾಪ್‌ಟಾಪಿನ ರೆಕಾರ್ಡಿಂಗ್ ಓಡಬೇಕು, ಮಿಕ್ಸರಿನ ಫೇಡರುಗಳು, ಅಂದರೆ ಧ್ವನಿ ಏರಿಸಿ ಇಳಿಸುವ ಜಾರುಗುಂಡಿಗಳು, ಅದರ ಜೊತೆ ತಾವಾಗಿಯೇ ಏರಿಳಿಯಬೇಕು. ಹೊಸಬರು ಮುಗ್ಗರಿಸುವುದು ಇಲ್ಲೇ. ಪ್ಲೇ ಒತ್ತಿದ್ದು ಮಿಕ್ಸರಿನಲ್ಲಿ ತಾನೇ, ಹಾಗಾದರೆ ಸಮಯಕ್ಕೂ ಮಿಕ್ಸರೇ ಯಜಮಾನ ಎಂದುಕೊಂಡು ಎರಡೂ ಕಡೆಯಿಂದ ಟೈಮ್‌ಕೋಡ್ ಬಿಡುತ್ತಾರೆ. ಎರಡೂ ಕಿತ್ತಾಡುತ್ತವೆ.

ನಾಟಕದ ರಂಗವನ್ನೇ ನೋಡಿ. ಪಾತ್ರಧಾರಿ ಮಾತು ಮುಗಿಸಿ ಹಾರ್ಮೋನಿಯಂ ಮೇಷ್ಟ್ರ ಕಡೆ ಕೈ ಎತ್ತುತ್ತಾನೆ. ಹಾಡು ಎತ್ತಿ ಅನ್ನುವ ಅಪ್ಪಣೆ ಅವನದು. ಆದರೆ ಮೇಷ್ಟ್ರು ಬಾರಿಸತೊಡಗಿದ ಮೇಲೆ ಶ್ರುತಿ, ಲಯ ಎಲ್ಲ ಅವರದೇ. ದುರ್ಯೋಧನನಾದರೂ ಅದಕ್ಕೆ ತಗ್ಗಿ ಹಾಡಲೇಬೇಕು. ಹಾಗೆಯೇ ಓಡು, ನಿಲ್ಲು ಎಂಬ ಅಪ್ಪಣೆ ಮಿಕ್ಸರಿನಿಂದ ಲ್ಯಾಪ್‌ಟಾಪಿಗೆ ಹೋಗಲಿ. ಅದರ ಹೆಸರು ಮಿಡಿ ಮೆಷಿನ್ ಕಂಟ್ರೋಲ್; ಮಿಡಿ ಅಂದರೆ ಸಂಗೀತದ ಯಂತ್ರಗಳು ಒಂದಕ್ಕೊಂದು ಮಾತಾಡುವ ಭಾಷೆ. ಟೈಮ್‌ಕೋಡ್ ಲ್ಯಾಪ್‌ಟಾಪಿನಿಂದ ಮಿಕ್ಸರಿಗೆ ಬರಲಿ. ಮಿಕ್ಸರಿನ ಸೆಟಪ್ ಪುಟದಲ್ಲಿ ಟೈಮ್‌ಕೋಡಿನ ಮೂಲ ಹೊರಗಿನದು ಎಂದಿರಬೇಕು, ಫ್ರೇಮು ಎರಡೂ ಕಡೆ 25 ಇರಬೇಕು. ಡಿವೈಸ್ ಐಡಿ ಎಂಬ ಅಂಕಿಯೂ ಎರಡರಲ್ಲಿ ಒಂದೇ ಆಗಿರಬೇಕು. ಗೊತ್ತಾಗದಿದ್ದರೆ ಕಳಿಸುವ ಕಡೆ 127 ಹಾಕಿ, ಎಲ್ಲರೂ ಕೇಳಿ ಎಂದು ಅದರ ಅರ್ಥ. ಈ ಒಂದು ಅಂಕಿಗಾಗಿ ನಾನು ಇಡೀ ಮಧ್ಯಾಹ್ನ ಕೇಬಲ್ ಬದಲಾಯಿಸುತ್ತ ಕೂತಿದ್ದೇನೆ.

ಟೈಮ್‌ಕೋಡಿನಲ್ಲಿ ನಾಟಕ ಸೊನ್ನೆ ಗಂಟೆಗೆ ಶುರುವಾಯಿತೆಂದು ಗುರುತು ಹಾಕಬೇಡಿ, ಒಂದು ಗಂಟೆಗೆ ಎಂದು ಹಾಕಿ. ಯಂತ್ರ ಹೊಂದಿಕೊಳ್ಳಲು ಐದು ಸೆಕೆಂಡು ಹಿಂದೆ ಸರಿಯುತ್ತದೆ. ಸೊನ್ನೆಯಿಂದ ಹಿಂದೆ ಹೋದರೆ ನಿನ್ನೆಯ ರಾತ್ರಿ 23 ಗಂಟೆ 59 ನಿಮಿಷಕ್ಕೆ ಬಿದ್ದು ದಿಕ್ಕು ತಪ್ಪುತ್ತದೆ.

ಟೈಮ್‌ಕೋಡನ್ನು ಧ್ವನಿಯಾಗಿಯೇ ಕಳಿಸುವ ಬಗೆಯೂ ಇದೆ. ಫ್ರೇಮಿಗೆ 80 ಬಿಟ್, ಸೆಕೆಂಡಿಗೆ 2,000. ಕೇಳಲು ಬಹಳ ಕರ್ಕಶ. ಅದರ ಚಾನೆಲ್ಲಿಗೆ ಈಕ್ವಲೈಜರ್, ಕಂಪ್ರೆಸರ್ ಎಂಬ ಧ್ವನಿ ತಿದ್ದುವ ಸಾಧನ ಯಾವುದೂ ಬೇಡ. ಮುಖ್ಯ ಸ್ಪೀಕರಿಗಂತೂ ಬಿಡಲೇಬೇಡಿ. ನಾನೊಮ್ಮೆ ಬಿಟ್ಟಿದ್ದೆ. ದ್ರೌಪದಿ ಅಳುವಾಗ ಎರಡು ಕ್ಷಣ ಜೀರುಂಡೆ ಕೂಗಿದ ಹಾಗಾಗಿ, ಮುಂದಿನ ಸಾಲಿನ ಅಜ್ಜಿಯೊಬ್ಬರು ಚಾಪೆ ಎತ್ತಿ ಕೆಳಗೆ ಹುಡುಕಿದರು.

ಆ ಗದಾಯುದ್ಧವನ್ನು ಕೊನೆಗೆ ಕೈಯಾರೆ ಸರಿಮಾಡಿದೆ. ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿದ ಕಡೆಯೆಲ್ಲ ಧ್ವನಿಯನ್ನು ಕತ್ತರಿಸಿ, ಒಂದೊಂದೇ ಫ್ರೇಮು ಹಿಂದಕ್ಕೆ ಎಳೆದೆ. ಮೂರು ರಾತ್ರಿ ಹಿಡಿಯಿತು. ಭೀಮನ ಪಾತ್ರಧಾರಿಯನ್ನು ಕರೆದು ತೋರಿಸಿದೆ. ಎರಡು ಸಲ ನೋಡಿ, "ಏಟು ಈಗ ಸರಿಯಾಗ್ ಬಿತ್ತು ಕಣಣ್ಣ. ಆದ್ರೆ ತೊಡೆಗ್ ಹೊಡೀಬೇಕಾದ್ದು ನಾನ್ ಸೊಂಟಕ್ ಹೊಡ್ದಿದೀನಲ್ಲ, ಅದನ್ನೂ ಸ್ವಲ್ಪ ಸರಿ ಮಾಡಕ್ಕಾಯ್ತದಾ?" ಅಂದ.

ನಮಸ್ಕಾರ.