ಮಳೆ ಬಿದ್ದ ಕಡೆಗೆ ದನ

ಕೇಳುಗರಿಗೆ ನಮಸ್ಕಾರ.

ಭಾಗಮಂಡಲ–ನಾಪೋಕ್ಲು ರಸ್ತೆಯ ಮೇಲೆ ಕಾವೇರಿ ಹರಿಯುತ್ತಿರುವ ಹೊತ್ತಿನಲ್ಲೇ ಕುಶಾಲನಗರದ ಆಚೆ ಜೋಳದ ಹೊಲದವರು ಮೋಡ ಎಣಿಸುತ್ತಿರುವುದುಂಟು. ಕೊಡಗಿನವರಿಗೆ ಇದು ಹೊಸದಲ್ಲ. ಆದರೆ ನಾಲ್ಕು ಎಕರೆ ಬೇಲಿಯೊಳಗೆ ದನ ಸಾಕುವವನ ಪೇಚಾಟವೆಲ್ಲ ಇಲ್ಲಿಯೇ ಇದೆ. ಮಳೆ ಪಕ್ಕದ ಹೋಬಳಿಗೆ ಬಿದ್ದರೆ ಹುಲ್ಲೂ ಅಲ್ಲಿಯೇ ಹುಟ್ಟುತ್ತದೆ.

ದಕ್ಷಿಣ ಇಥಿಯೋಪಿಯಾದ ಬೋರಾನಾ ಜನರು ಇದಕ್ಕೆ ಕಂಡುಕೊಂಡ ದಾರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಾಲು ಕರೆಯುವ ಹಸುಗಳನ್ನೂ ಕರುಗಳನ್ನೂ ಮನೆಯ ಹತ್ತಿರ ಇಟ್ಟುಕೊಂಡು, ಗೊಡ್ಡು ದನ, ಹೋರಿಗಳನ್ನು ಹುಡುಗರ ಜೊತೆ ದೂರದ ಹುಲ್ಲಿಗೆ ಅಟ್ಟುತ್ತಾರೆ. ಅವರ ಆಳವಾದ ಬಾವಿಗಳಲ್ಲಿ ಗಂಡಾಳುಗಳು ಒಬ್ಬರ ಮೇಲೊಬ್ಬರಂತೆ ಸಾಲಾಗಿ ನಿಂತು, ಹಾಡು ಹೇಳುತ್ತ ಬಕೆಟ್ಟುಗಳನ್ನು ಕೈಯಿಂದ ಕೈಗೆ ಮೇಲೆತ್ತುತ್ತಾರೆ. ಯಾರ ಹಿಂಡು ಯಾವಾಗ ನೀರು ಕುಡಿಯಬೇಕು ಎಂದು ತೀರ್ಮಾನಿಸಲು ಒಬ್ಬ ಮುಖ್ಯಸ್ಥನಿರುತ್ತಾನೆ. ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸಂಗತಿ: ಮಳೆಗಾಲ ಬಂದೊಡನೆ ಬಾವಿಗಳನ್ನು ಮುಚ್ಚಿಬಿಡುತ್ತಾರೆ. ಆಗ ಹಿಂಡುಗಳು ದೂರದ ಹೊಂಡಗಳಿಗೆ ಹೋಗಲೇಬೇಕು, ಬಾವಿಯ ಸುತ್ತಲಿನ ಹುಲ್ಲು ಬೇಸಿಗೆಗೆ ಉಳಿಯುತ್ತದೆ. ಬೇಲಿ ಇಲ್ಲ, ಕಾವಲುಗಾರನಿಲ್ಲ, ದಂಡದ ರಸೀದಿಯೂ ಇಲ್ಲ. ನೀರಿಗೆ ಬೀಗ ಹಾಕಿದರೆ ಹುಲ್ಲಿಗೆ ತಾನೇ ಬೀಗ ಬೀಳುತ್ತದೆ.

ಅಷ್ಟು ದೂರ ಏಕೆ, ನಮ್ಮದೇ ಉತ್ತರ ಕರ್ನಾಟಕದ ಕುರಿಗಾಹಿಗಳೂ ಇದನ್ನೇ ಮಾಡುತ್ತ ಬಂದವರು. ಕೆಸರು ನೆಲದಲ್ಲಿ ನಿಂತ ಕುರಿಗೆ ಗೊರಸು ಕೊಳೆಯುವ ರೋಗ ಬರುತ್ತದೆ. ಅದಕ್ಕೇ ಮಳೆಯಲ್ಲಿ ಒಣ ನೆಲಕ್ಕೆ, ಕೊಯ್ಲು ಮುಗಿದ ಮೇಲೆ ಕೂಳೆ ಇರುವ ಹೊಲಗಳಿಗೆ ಹಿಂಡು ಹೊಡೆಯುತ್ತಾರೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದ್ದಕ್ಕೆ ರೈತ ಕಾಳನ್ನೋ ಹಣವನ್ನೋ ಕೊಡುತ್ತಾನೆ, ಅವನಿಗೆ ಹಿಕ್ಕೆಯ ಗೊಬ್ಬರ ಸಿಗುತ್ತದೆ. ಅಲೆಮಾರಿಗಳೆಂದು ಅವರನ್ನು ಕೀಳಾಗಿ ಕಾಣುವವರಿಗೆ ಈ ಲೆಕ್ಕ ತಿಳಿದಿರುವುದಿಲ್ಲ.

ಇನ್ನು ನಮ್ಮ ಕೊಡಗು. ಗದ್ದೆಯ ಜೊತೆಗೆ ಬಂದ ಬಾಣೆ ಸೊಪ್ಪು, ಸೌದೆ, ಮೇವಿಗೆ ಇದ್ದ ಜಾಗ. ಊರುಡುವೆ ಎಂದರೆ ಊರಿನವರೆಲ್ಲ ಬಳಸುವ ಕಾಡು, ಅದು ಊರಿನದೇ. ಗದ್ದೆಯಾದರೂ ನಾಟಿಯಿಂದ ಕೊಯ್ಲಿನವರೆಗೆ ಮಾತ್ರ ಒಬ್ಬನದು. ಸುಗ್ಗಿ ಹಬ್ಬ ಹುತ್ತರಿ ಕಳೆದು ಕಣದ ಕೆಲಸ ಮುಗಿದ ಮೇಲೆ ಎಲ್ಲರ ದನಗಳೂ ಅಲ್ಲಿ ಮೇಯುತ್ತಿದ್ದವು. ಈಗ ಬಾಣೆಯಲ್ಲಿ ಕಾಫಿ, ಎಷ್ಟೋ ಗದ್ದೆಗಳಲ್ಲಿ ಶುಂಠಿ. ಕಾಫಿ ಬೆಳೆದದ್ದು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ, ಮಕ್ಕಳ ಓದು ನಡೆದದ್ದು ಅದರಿಂದಲೇ. ಆದರೆ ದನ ಕೊಟ್ಟಿಗೆ ಸೇರಿತು, ಹುಲ್ಲು ಬಯಲುಸೀಮೆಯಿಂದ ಲಾರಿ ಹತ್ತಿ ಬರಬೇಕಾಯಿತು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿ ಹಾಲು ಕಡಿಮೆಯಾಗುತ್ತದೆ.

ರಾಜ್ಯದ ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ಒಳ್ಳೆಯ ನಿಯಮವೇ. ಆದರೆ ಅದು ದನಗಳ ತಲೆ ಎಣಿಸುತ್ತದೆ, ಮಳೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೊಂದು ಗ್ರಾಮಕ್ಕೂ ಅದರದೇ ತುಂಡು. ಆ ತುಂಡಿನ ಮೇಲೆ ಮಳೆಯಾಗದ ವರ್ಷ ದನ ಎಲ್ಲಿಗೆ ಹೋಗಬೇಕು? ಬೋರಾನಾ ಹಿರಿಯರಾಗಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಇದು.

ಹಾಗಾಗಿ ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮ ಊರಿನಲ್ಲಿ ಉಳಿದಿರುವ ಗೋಮಾಳ, ಊರುಡುವೆಗಳ ಸರ್ವೆ ನಂಬರುಗಳನ್ನು ಒಮ್ಮೆ ಓದಿಸಿ. ಸಾಧ್ಯವಾದರೆ ಪಕ್ಕದ ಊರಿನವರನ್ನೂ ಕೂರಿಸಿಕೊಳ್ಳಿ. ಬರ ಬಂದಾಗ ಯಾರ ದನ ಯಾರ ಗೋಮಾಳದಲ್ಲಿ ಎಷ್ಟು ದಿನ ಮೇಯಬಹುದು ಎಂಬ ಮಾತನ್ನು ಹುಲ್ಲು ಸಮೃದ್ಧವಾಗಿರುವ ವರ್ಷದಲ್ಲೇ ಆಡಿ ಮುಗಿಸುವುದು ಸುಲಭ. ನಮಸ್ಕಾರ.