ಮೂವತ್ತು ನಲವತ್ತರ ಸೈಟಿಗೆ ಬೀಳುವ ಮಳೆ

ಕೇಳುಗರೆ, ನಮಸ್ಕಾರ.

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗಾದರೆ 6 ಸಾವಿರ ಲೀಟರಿನ ಟ್ಯಾಂಕರಿಗೆ 600 ರೂಪಾಯಿ, 12 ಸಾವಿರದ್ದಕ್ಕೆ 1000 ರೂಪಾಯಿ. ಅಂದರೆ ಸಾವಿರ ಲೀಟರಿಗೆ 83ರಿಂದ 100 ರೂಪಾಯಿ. ಅದೇ ಹೊತ್ತಿನಲ್ಲಿ ಕಾವೇರಿ ಸಂಪರ್ಕ ಇದ್ದ ಮನೆಗೆ ಜಲಮಂಡಳಿ ಮೊದಲ 8 ಸಾವಿರ ಲೀಟರಿಗೆ ಹಾಕುತ್ತಿದ್ದ ನೀರಿನ ದರ ಸಾವಿರಕ್ಕೆ 7 ರೂಪಾಯಿ. ಇನ್ನು ಬೀದಿ ಕೊನೆಯ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಂಡವರ ಲೆಕ್ಕ ನೋಡಿ: ಸಾವಿರ ಲೀಟರಿಗೆ 250 ರೂಪಾಯಿ. ಶೀಟಿನ ಮನೆಯಿಂದ ಬಂದು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ಹೆಂಗಸು, ಕುಡಿಯುವ ನೀರಿಗೆ ಬಂಗಲೆಯವರಿಗಿಂತ 35 ಪಟ್ಟು ಹೆಚ್ಚು ಕೊಟ್ಟಿದ್ದಾಳೆ. ಹೊತ್ತು ತಂದ ಕೂಲಿ ಬೇರೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಬೆಳೆಯುತ್ತಿರುವ ದೇಶಗಳ ದೊಡ್ಡ ಊರುಗಳೆಲ್ಲ ಬಹುಮಟ್ಟಿಗೆ ಹೀಗೇ. ಜಕಾರ್ತದಲ್ಲಿ ಕೊಳಾಯಿ ಎಲ್ಲರಿಗೂ ತಲುಪಲಿಲ್ಲ, ಜನ ಕೊಳವೆಬಾವಿ ಕೊರೆದು ನೀರೆತ್ತಿದರು, ಊರಿನ ನೆಲವೇ ಕುಸಿಯುತ್ತಿದೆ. ಚೆನ್ನೈಗೆ 2019ರಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಹೋಯಿತು. ಕೇಪ್ ಟೌನ್ 2018ರಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿತು. ಆದರೆ ಅಲ್ಲಿನ ಗುಡಿಸಲು ಬಡಾವಣೆಗಳ ಜನ ಬೀದಿ ನಲ್ಲಿಯಿಂದ ಹೊತ್ತು ಮೊದಲಿನಿಂದಲೂ ಅದಕ್ಕಿಂತ ಕಡಿಮೆಯಲ್ಲೇ ಬದುಕಿದ್ದರು. ಊರು ಮುಂದೆ ಓಡುತ್ತದೆ, ಪೈಪು ಹಿಂದೆ ಬರುತ್ತದೆ. ನಡುವಿನ ಅಷ್ಟೂ ವರ್ಷಗಳ ಖರ್ಚು ಪೈಪು ಬಾರದವರ ತಲೆ ಮೇಲೆ.

ಬೆಂಗಳೂರಿನಲ್ಲಿ ಆ ನಡುವಿನ ಕಾಲ ಎಷ್ಟು? ಸುತ್ತಲಿನ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಆ ಹಳ್ಳಿಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಕಾವೇರಿ ಬರುವ ದಾರಿಯೂ ಸುಲಭದ್ದಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಹೆಚ್ಚುಕಡಿಮೆ 500 ಮೀಟರ್ ಮೇಲೇರಿ ಬರಬೇಕು. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಊರು ನಮ್ಮದು. ಏರಿಸಿದ ಪ್ರತಿ ಬಿಂದಿಗೆಗೂ ಕರೆಂಟ್ ಬಿಲ್ ಇದೆ.

ಅದೇ 900 ಮೀಟರ್ ಎತ್ತರಕ್ಕೆ ಪಂಪೇ ಇಲ್ಲದೆ ಬರುವ ನೀರು ಮಳೆ. ಇಂದಿನ ಮಾತಿನ ಬಹುಪಾಲು ಅದಕ್ಕೇ ಮೀಸಲು.

ಲೆಕ್ಕ ಬಾಯಲ್ಲೇ ಹೇಳಬಹುದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನ ಮಳೆ. ಮೂವತ್ತು ನಲವತ್ತರ ಸೈಟಿನಲ್ಲಿ ತಾರಸಿ 100 ಚದರ ಮೀಟರ್ ಎಂದಿಟ್ಟುಕೊಳ್ಳಿ. ತಾರಸಿ ಹೀರಿದ್ದು, ಆವಿಯಾದದ್ದು, ಹೊರಗೆ ಬಿಟ್ಟ ಮೊದಲ ಮಳೆ ಎಲ್ಲ ಕಳೆದರೂ ವರ್ಷಕ್ಕೆ 75ರಿಂದ 80 ಸಾವಿರ ಲೀಟರ್ ಕೈಗೆ ಸಿಗುತ್ತದೆ. ಆರು ಸಾವಿರದ ಟ್ಯಾಂಕರಿನ ಲೆಕ್ಕದಲ್ಲಿ ಹದಿಮೂರು ಲೋಡು. ಇಷ್ಟರಿಂದಲೇ ನಾಲ್ಕು ಜನರ ಸಂಸಾರ ವರ್ಷವಿಡೀ ನಡೆಯುವುದಿಲ್ಲ, ಆ ಆಸೆ ಬೇಡ. ಆದರೆ ನಮ್ಮ ಮಳೆ ಏಪ್ರಿಲಿನಿಂದ ನವೆಂಬರಿನವರೆಗೆ ಹರಡಿಕೊಂಡು ಬರುತ್ತದೆ. ಹಾಗಾಗಿ ಸಣ್ಣ ಸಂಪು ಕೂಡ ಒಂದೇ ವರ್ಷದಲ್ಲಿ ಹಲವು ಸಲ ತುಂಬಿ ಖಾಲಿಯಾಗುತ್ತದೆ. ರಾಜಸ್ಥಾನದಂತೆ ಒಂದೆರಡು ತಿಂಗಳ ಮಳೆಯನ್ನು ವರ್ಷಪೂರ್ತಿ ಹಿಡಿದಿಡಬೇಕಾದ ಪಾಡು ನಮಗಿಲ್ಲ.

ಕಾನೂನೂ ಇದೆ. 2009ರಿಂದ ಮೂವತ್ತು ನಲವತ್ತು ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೂ, ನಲವತ್ತು ಅರವತ್ತು ಮತ್ತು ಮೇಲ್ಪಟ್ಟ ಹಳೆಯ ಕಟ್ಟಡಕ್ಕೂ ಮಳೆ ನೀರು ಕೊಯ್ಲು ಕಡ್ಡಾಯ. ಮಾಡದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ. ಹಾಗಾಗಿ ಬಹಳ ಮನೆಗಳಲ್ಲಿ ಒಂದು ನೀಲಿ ಡ್ರಮ್ಮು, ಒಂದು ಪೈಪು ಇರುತ್ತದೆ. ಕೆಲಸ ಮಾಡುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಮೀಟರ್ ರೀಡರಿಗೆ ತೋರಿಸಲು ಇಟ್ಟ ಡ್ರಮ್ಮಿಗೂ ನೀರು ಸೋಸುವ ಡ್ರಮ್ಮಿಗೂ ಇರುವ ವ್ಯತ್ಯಾಸವನ್ನೇ ಈಗ ನೋಡೋಣ.

ಮೊದಲು ಮೊದಲ ಮಳೆ. ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ಎಲೆ ಎಲ್ಲ ಕೊಚ್ಚಿ ಬರುವುದು ಆರಂಭದ ಒಂದೆರಡು ಮಿಲಿಮೀಟರಿನಲ್ಲಿ. 100 ಚದರ ಮೀಟರಿಗೆ ಅದು 100ರಿಂದ 200 ಲೀಟರ್. ಅಷ್ಟನ್ನೂ ಹೊರಗೆ ಬಿಡಬೇಕು. ಇದಕ್ಕೆಂದು ಪ್ಲಂಬರುಗಳು ಕೊನೆಗೆ ಮುಚ್ಚಳ ಹಾಕಿದ ಒಂದು ನಾಲ್ಕಿಂಚಿನ ಪೈಪನ್ನು ಗೋಡೆಗೆ ನಿಲ್ಲಿಸಿ ಹೋಗುತ್ತಾರೆ. ನಾಲ್ಕಿಂಚಿನ ಪೈಪಿನಲ್ಲಿ ಮೀಟರ್ ಉದ್ದಕ್ಕೆ ಹಿಡಿಯುವುದು 8 ಲೀಟರ್ ಮಾತ್ರ. ಒಂದಾಳುದ್ದದ ಪೈಪು ಹದಿಮೂರು ಹದಿನಾಲ್ಕು ಲೀಟರಿಗೆ ತುಂಬಿಬಿಡುತ್ತದೆ, ಉಳಿದ ಕೊಳೆ ಸೀದಾ ಸಂಪಿಗೆ. ಅದಕ್ಕಿಂತ ಒಂದು ಟೀ ಜಾಯಿಂಟು, ಒಂದು ಬಾಲ್ ವಾಲ್ವ್ ಒಳ್ಳೆಯದು. ಮಳೆ ಶುರುವಾದಾಗ ವಾಲ್ವ್ ತೆರೆದೇ ಇರಲಿ; ಕೈಯೊಡ್ಡಿ ನೋಡಿ, ನೀರು ತಿಳಿಯಾದ ಮೇಲೆ ಮುಚ್ಚಿ. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಎನ್ನುವವರು 200 ಲೀಟರಿನದೇ ಡ್ರಮ್ಮು ಇಟ್ಟು, ಅದು ತುಂಬಿದ ಮೇಲೆ ಮುಂದೆ ಹರಿಯುವಂತೆ ಮಾಡಿಕೊಳ್ಳಬೇಕು. ಡ್ರಮ್ಮಿನ ತಳದಲ್ಲಿ ಸಣ್ಣ ನಲ್ಲಿ ಸದಾ ತೊಟ್ಟಿಕ್ಕುತ್ತಿರಲಿ, ಮುಂದಿನ ಮಳೆಗೆ ಖಾಲಿಯಾಗಿರುತ್ತದೆ.

ಆಮೇಲೆ ಸೋಸುವುದು. ನಮ್ಮಲ್ಲಿ ಮಳೆ ಸಂಜೆ ಹೊತ್ತು ಸುರಿದರೆ ಗಂಟೆಗೆ 60 ಮಿಲಿಮೀಟರ್ ರಭಸವೂ ಇರಬಹುದು. ನಮ್ಮ ತಾರಸಿಯಿಂದ ಆಗ ನಿಮಿಷಕ್ಕೆ 100 ಲೀಟರ್ ಇಳಿಯುತ್ತದೆ. ಸಣ್ಣ ಮರಳು ತುಂಬಿದ ಡ್ರಮ್ಮು ಅಷ್ಟನ್ನು ಸೋಸಲಾರದು. ಮೇಲಿಂದ ಉಕ್ಕಿ ಅಂಗಳಕ್ಕೆ ಹೋಗುತ್ತದೆ, ಮನೆಯವರು ‘ಇದು ಆಗಿಬರುವ ಕೆಲಸವಲ್ಲ’ ಎಂದು ಪೈಪು ಕಿತ್ತುಹಾಕುತ್ತಾರೆ. ತಳದಲ್ಲಿ 40 ಮಿಲಿಮೀಟರ್ ಜೆಲ್ಲಿ, ಅದರ ಮೇಲೆ 20ರದ್ದು, ನಡುವೆ ನೈಲಾನ್ ಜಾಲರಿ, ಎಲ್ಲಕ್ಕಿಂತ ಮೇಲೆ ದಪ್ಪ ಮರಳು ತೆಳುವಾಗಿ. ಜೆಲ್ಲಿಯನ್ನು ತುಂಬುವ ಮೊದಲು ಚೆನ್ನಾಗಿ ತೊಳೆಯದಿದ್ದರೆ ಅದರ ಪುಡಿಯೇ ಕೆಸರಾಗಿ ಕಟ್ಟಿಕೊಳ್ಳುತ್ತದೆ. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಎಲ್ಲವನ್ನೂ ಹೊರಗೆ ಸುರಿದು ತೊಳೆದು ಮತ್ತೆ ತುಂಬಬೇಕು.

ಸಂಪಿನ ನೀರನ್ನು ಬಳಕೆಗೆ ಹಾಗೇ ತೆಗೆದುಕೊಳ್ಳಬಹುದು. ಕುಡಿಯಲು ಬೇಕಾದರೆ ಸಾವಿರ ಲೀಟರಿಗೆ ಆರೇಳು ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಒಂದು ಪುಟ್ಟ ಚಮಚ, ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಅರ್ಧ ಗಂಟೆ ಬಿಡಬೇಕು. ಹಳೆಯ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದರಿಂದ ಉಪಯೋಗವಿಲ್ಲ. ಸಂಶಯವಿದ್ದರೆ ಕುದಿಸಿ. ಮಲದ ರೋಗಾಣು ಸೇರಿದೆಯೇ ಎಂದು ನೋಡಲು ಸಣ್ಣ ಪರೀಕ್ಷಾ ಬಾಟಲಿ ಸಿಗುತ್ತದೆ. ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಆ ನೀರು ಬೇಡ.

ಸಂಪು ತುಂಬಿದ ಮೇಲೆ ಉಕ್ಕುವ ನೀರು ಎಲ್ಲಿಗೆ? ಬಹಳ ಮನೆಗಳಲ್ಲಿ ಅದು ಹೋಗುವುದು ಒಳಚರಂಡಿಗೆ. ಇದು ಕಾನೂನಿಗೆ ವಿರುದ್ಧ, ಬುದ್ಧಿಗೂ ವಿರುದ್ಧ. ಒಳಚರಂಡಿ ಪೈಪಿನ ಅಳತೆ ಕೊಳಚೆ ನೀರಿಗೆಂದು ಲೆಕ್ಕ ಹಾಕಿದ್ದು. ಬೀದಿಯ ಐವತ್ತು ತಾರಸಿಗಳ ಮಳೆ ಅದಕ್ಕೆ ನುಗ್ಗಿದರೆ ಮ್ಯಾನ್‌ಹೋಲ್ ಮುಚ್ಚಳ ಏಳುತ್ತದೆ. ಕೊಳಚೆ ವಾಪಸ್ ಬರುವುದು ಯಾರ ಮನೆಗೆ? ಮಳೆ ಪೈಪು ಜೋಡಿಸಿದ ಮೂರಂತಸ್ತಿನವರ ಮನೆಗಲ್ಲ, ತಗ್ಗಿನ ವಠಾರದ ನೆಲಮನೆಗೆ.

ಉಕ್ಕಿದ ನೀರು ಹೋಗಬೇಕಾದ್ದು ಇಂಗುಬಾವಿಗೆ. ಮೂರಡಿ ಅಗಲ, ಇಪ್ಪತ್ತಡಿ ಆಳ ಒಂದು ಮನೆಗೆ ಸರಿಹೋಗುತ್ತದೆ. ಸುಮಾರು 4 ಸಾವಿರ ಲೀಟರ್ ಹಿಡಿಯುತ್ತದೆ, ತುಂಬುತ್ತಿರುವಾಗಲೇ ಇಂಗುತ್ತಲೂ ಇರುತ್ತದೆ. ಪಾಯದಿಂದ ಹತ್ತಡಿಯಾದರೂ ದೂರ ಇರಲಿ, ಒಳಚರಂಡಿ ಪೈಪು, ಸೆಪ್ಟಿಕ್ ಟ್ಯಾಂಕುಗಳಿಂದ ಇನ್ನೂ ದೂರ. ನಾಲ್ಕಡಿ ಅಗಲಕ್ಕೆ ತೋಡಿ, ಒಂದಡಿ ಎತ್ತರದ ತೂತಿರುವ ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಸುತ್ತಲ ಅರ್ಧ ಅಡಿ ಸಂದಿಗೆ ಜೆಲ್ಲಿ. ತಳಕ್ಕೆ ಕಾಂಕ್ರೀಟ್ ಹಾಕಬಾರದು. ಕೊನೆಯ ರಿಂಗು ನೆಲದಿಂದ ಒಂದಡಿ ಮೇಲಿರಲಿ, ಅಂಗಳ ತೊಳೆದ ಸೋಪಿನ ನೀರು ಒಳಗೆ ಇಳಿಯಬಾರದು. ಮೇಲೆ ಆಳು ನಿಂತರೂ ತಡೆಯುವ ಚಪ್ಪಡಿ.

ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಾಗಿ ಕಾಣುವ ತಪ್ಪು ಇಲ್ಲೇ. ನಾಲ್ಕೈದು ಅಡಿಯ ಗುಂಡಿ ತೋಡಿ, ಬಾಯಿತನಕ ಜೆಲ್ಲಿ ತುಂಬಿ, ಇಂಗುಗುಂಡಿ ಎಂದು ಬೋರ್ಡ್ ಹಾಕುತ್ತಾರೆ. ಜೆಲ್ಲಿಯೇ ಜಾಗದ ಅರ್ಧಕ್ಕಿಂತ ಹೆಚ್ಚು ತಿನ್ನುತ್ತದೆ. ನೀರಿಗೆ ಉಳಿಯುವುದು ಹತ್ತರಲ್ಲಿ ನಾಲ್ಕು ಪಾಲು. ಎರಡು ಮಳೆಗಾಲದಲ್ಲಿ ಸಂದಿಗಳಲ್ಲಿ ಹೂಳು ಕೂರುತ್ತದೆ, ಅದನ್ನು ತೆಗೆಯಲು ದಾರಿಯೇ ಇಲ್ಲ. ಖಾಲಿ ಬಾವಿಯಾದರೆ ಒಬ್ಬರು ಇಳಿದು ಮಂಕರಿಯಲ್ಲಿ ಹೂಳೆತ್ತಬಹುದು. ಆದರೆ ಮುಚ್ಚಿಟ್ಟ ಬಾವಿಗೆ ಏಕಾಏಕಿ ಇಳಿಸಬೇಡಿ: ಮುಚ್ಚಳ ತೆಗೆದು, ಬ್ಲೋವರಿನಿಂದ ಗಾಳಿ ಹಾಯಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಕೊಳಚೆ ಸೇರಿದ ವಾಸನೆ ಬಂದರೆ ಇಳಿಸುವ ಮಾತೇ ಬೇಡ.

ಎಲ್ಲ ಕಡೆಯೂ ಇಂಗುಬಾವಿ ಆಗುವುದಿಲ್ಲ. ಆರಡಿಗೇ ಬಂಡೆ ಸಿಕ್ಕರೆ ನೀರು ನಿಂತು ಸೊಳ್ಳೆಗೆ ಮನೆಯಾಗುತ್ತದೆ. ಕೆರೆ ಪಕ್ಕದ ಬಡಾವಣೆಯಲ್ಲಿ ಐದಡಿಗೇ ನೀರಿದ್ದರೆ ಇಂಗಿಸಲು ಜಾಗವೇ ಇಲ್ಲ. ಕೆರೆಯಂಗಳ ತುಂಬಿಸಿ ಮಾಡಿದ ಸೈಟಿನಲ್ಲಿ ಮಣ್ಣು ಸಡಿಲ, ತೋಡುವವರ ಮೇಲೆ ಕುಸಿಯಬಹುದು. ಅಂಥಲ್ಲಿ ರಿಂಗನ್ನು ಮೊದಲು ಇಟ್ಟು, ಅದರೊಳಗೆ ಕೂತು ತೋಡುತ್ತ ರಿಂಗನ್ನೇ ಕೆಳಗಿಳಿಸಬೇಕು. ಜೇಡಿಮಣ್ಣು ಕಳೆದು ಗರಸು ಸಿಕ್ಕ ಮೇಲೆ ಒಂದಿಷ್ಟು ನೀರು ಸುರಿದು ಗಡಿಯಾರ ನೋಡಿ. ಇಳಿಯುತ್ತಿದ್ದರೆ ಸರಿ, ಇಲ್ಲವಾದರೆ ಇನ್ನೆರಡಡಿ.

ಇದನ್ನೆಲ್ಲ ಕಣ್ಣಳತೆಯಲ್ಲೇ ಹೇಳಬಲ್ಲವರು ಮಣ್ಣು ವಡ್ಡರು. ಹಾರೆ, ಪಿಕಾಸಿ, ಹಗ್ಗ ಹಿಡಿದು ಈ ಊರಿನ ಬಾವಿಗಳನ್ನು ತಲೆಮಾರುಗಳಿಂದ ತೋಡಿದ ಸಮುದಾಯ. ಬೋರ್‌ವೆಲ್ ಲಾರಿ ಬಂದ ಮೇಲೆ ಅವರ ಕಸುಬು ಹೋಯಿತು. ಹತ್ತು ಲಕ್ಷ ಇಂಗುಬಾವಿಗಳ ಗುರಿ ಇಟ್ಟುಕೊಂಡು ಬಯೋಮ್ ಸಂಸ್ಥೆ ನಡೆಸುತ್ತಿರುವ ಅಭಿಯಾನ ಅವರಿಗೆ ಮತ್ತೆ ಕೆಲಸ ತಂದಿದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದದ್ದೂ ಅವರ ಕೈಗಳೇ. ಕೂಲಿಯಲ್ಲಿ ಚೌಕಾಸಿ ಮಾಡುವ ಮುನ್ನ ಇಪ್ಪತ್ತಡಿ ಆಳದಲ್ಲಿ ಕೂತವರ ಅಪಾಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಇಂಗುಬಾವಿ ತೋಡಿದರೆ ನಮ್ಮ ಬೋರ್ ತುಂಬುತ್ತದೆಯೇ? ತಕ್ಷಣ ತುಂಬುತ್ತದೆ ಎಂದವರನ್ನು ನಂಬಬೇಡಿ. ನಮ್ಮ ನೆಲದಡಿ ಇರುವುದು ಗಟ್ಟಿ ಶಿಲೆ. ಮೇಲೆ ಕೆಲವು ಹತ್ತು ಅಡಿ ಮಣ್ಣು, ಸವೆದ ಕಲ್ಲು. ಕೆಳಗೆ ಬಂಡೆಯ ಬಿರುಕುಗಳು. ಬೋರಿನ ಕೇಸಿಂಗ್ ಪೈಪು ಮೇಲಿನ ಪದರವನ್ನು ಮುಚ್ಚಿಬಿಡುತ್ತದೆ, ಸಾವಿರ ಅಡಿಯ ಬೋರು ಎಳೆಯುವುದು ಆಳದ ಬಿರುಕಿನಿಂದ. ನೀವು ಇಂಗಿಸಿದ್ದು ಮೊದಲು ಸೇರುವುದು ಮೇಲಿನ ಪದರಕ್ಕೆ, ನಿಮ್ಮದೋ ಪಕ್ಕದವರದೋ ತೆರೆದ ಬಾವಿಗೆ. ಬಿರುಕುಗಳಿಗೆ ಇಳಿಯಲು ವರ್ಷಗಳೇ ಹಿಡಿಯಬಹುದು, ಆಗಲೂ ಅದು ನಿಮ್ಮ ಸೈಟಿನ ಕಾಂಪೌಂಡ್ ನೋಡಿ ನಿಲ್ಲುವುದಿಲ್ಲ. ಆತುರ ತಾಳದೆ ಮಳೆ ಪೈಪನ್ನು ನೇರ ಬೋರಿಗೇ ಇಳಿಸುವವರಿದ್ದಾರೆ. ಸೋಸದ ನೀರು ಒಮ್ಮೆ ಬಂಡೆಯ ಬಿರುಕು ಸೇರಿದರೆ ಅದನ್ನು ತೊಳೆಯುವ ಉಪಾಯವಿಲ್ಲ. ರಸ್ತೆಯ ನೀರನ್ನಂತೂ, ಆಯಿಲ್, ಚರಂಡಿ ಎಲ್ಲ ಸೇರಿರುವುದರಿಂದ, ಬೋರಿಗೆ ಬಿಡಲೇಬಾರದು.

2024ರ ಬೇಸಗೆಯಲ್ಲಿ ಸರ್ಕಾರವೇ ಹೇಳಿದ ಲೆಕ್ಕದ ಪ್ರಕಾರ ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿದ್ದವು. ಅವು ಬತ್ತಿದಾಗ ಮೊದಲು ಸಾಲು ನಿಂತವರಲ್ಲಿ ಸ್ವಂತ ತಾರಸಿ ಇಲ್ಲದವರೇ ಹೆಚ್ಚು. ಬಾಡಿಗೆದಾರರಿಗೆ, ಪೀಜಿಯವರಿಗೆ, ಶೀಟಿನ ಮನೆಯವರಿಗೆ ‘ಮಳೆ ಕೊಯ್ಲು ಮಾಡಿ’ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಅವರಿಗಾಗಿ ಶಾಲೆಯ ತಾರಸಿ, ಕಲ್ಯಾಣಮಂಟಪದ ತಾರಸಿ, ವಾರ್ಡ್ ಕಚೇರಿಯ ತಾರಸಿ ಇವೆ. ಸಾವಿರ ಚದರ ಮೀಟರಿನ ಒಂದು ಶಾಲೆಯ ಛಾವಣಿಗೆ ಬೀಳುವ ಮಳೆ ವರ್ಷಕ್ಕೆ ಎಂಟು ಲಕ್ಷ ಲೀಟರ್ ದಾಟುತ್ತದೆ. ಆವರಣದ ಬಾವಿಗೆ ಒಂದು ಕೈಪಂಪು, ಬೀದಿ ಕಡೆಗೆ ಒಂದು ನಲ್ಲಿ ಇಟ್ಟರೆ ಬಟ್ಟೆ ಪಾತ್ರೆಯ ನೀರಿಗಾದರೂ ಟ್ಯಾಂಕರ್ ಕಾಯುವುದು ತಪ್ಪುತ್ತದೆ. ಇದನ್ನು ವಾರ್ಡಿನ ಸಭೆಯಲ್ಲಿ ಕೇಳಿ ಬರೆಸಬೇಕು.

ಮನೆಯ ಮಟ್ಟಿಗೆ ನೋಡಿ ಕಲಿಯಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಉದ್ಯಾನವಿದೆ. ಬೇರೆ ಬೇರೆ ಬಗೆಯ ಫಿಲ್ಟರುಗಳು ಅಲ್ಲಿ ಮಾದರಿಯಾಗಿ ನಿಂತಿವೆ. ಹೋಗುವಾಗ ತಾರಸಿಯ ಅಳತೆ, ಮಳೆ ಪೈಪುಗಳು ಎಲ್ಲೆಲ್ಲಿ ಇಳಿಯುತ್ತವೆ ಎಂಬ ಒಂದು ಚಿತ್ರ, ಸಂಪಿನ ಉದ್ದ ಅಗಲ ಆಳ ಬರೆದುಕೊಂಡು ಹೋಗಿ. ಪ್ಲಂಬರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ನಮಸ್ಕಾರ.