ದಿನಾ ಕೆರೆ ಸುತ್ತಿದರೂ ತೂಕ ಯಾಕೆ ಇಳಿಯಲ್ಲ? ನಮ್ಮೂರ ತಟ್ಟೆಯ ಲೆಕ್ಕ

[ದೃಶ್ಯ: ಬೆಳಗಿನ ಆರು ಗಂಟೆ. ದಾವಣಗೆರೆಯ ಕುಂದವಾಡ ಕೆರೆ ಏರಿ. ವಾಕಿಂಗ್ ಮಾಡುತ್ತಿರುವ ಜನ.]

ನಮಸ್ಕಾರ. ಕುಂದವಾಡ ಕೆರೆ ಏರಿ ಮೇಲೆ ನಿಂತಿದ್ದೇನೆ. ಬೆಳಿಗ್ಗೆ ಇಲ್ಲಿಗೆ ಬಂದರೆ ಅರ್ಧ ದಾವಣಗೆರೆ ಕಾಣುತ್ತದೆ. ನಮ್ಮ ಅಕ್ಕನೂ ಇಲ್ಲಿಗೇ ಬರುತ್ತಾಳೆ. ಆರು ತಿಂಗಳ ಹಿಂದೆ ಇದೇ ಜಾಗದಲ್ಲಿ ನಿಂತು ನನಗೆ ಹೇಳಿದಳು: "ಎಂಟು ತಿಂಗ್ಳಾತು ತಮ್ಮಾ, ದಿನಾ ಕೆರೆ ಸುತ್ತೀನಿ. ಅರ್ಧ ಕೆಜಿನೂ ಇಳಿದಿಲ್ಲ ನೋಡು."

ಅವಳ ದನಿಯಲ್ಲಿ ಬೇಸರ ಇತ್ತು. ಸೋಮಾರಿ ಅಲ್ಲ ಅವಳು. ಮಳೆ ಬಂದರೂ ಛತ್ರಿ ಹಿಡಿದು ನಡೆದವಳು. ಹಾಗಾದರೆ ತಪ್ಪಿದ್ದು ಎಲ್ಲಿ? ಅಕ್ಕನ ಒಪ್ಪಿಗೆ ಪಡೆದೇ ಅವಳ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

[ದೃಶ್ಯ: ಪರದೆ ಮೇಲೆ ಅಂಕಿಗಳು – ವಯಸ್ಸು 42, ಎತ್ತರ 158 ಸೆಂ.ಮೀ., ತೂಕ 72 ಕೆ.ಜಿ.]

ಮೊದಲು ನಡಿಗೆಯ ಲೆಕ್ಕ. 72 ಕೆ.ಜಿ. ತೂಕದವರು 45 ನಿಮಿಷ ಚುರುಕಾಗಿ ನಡೆದರೆ ಸುಮಾರು 190 ಕ್ಯಾಲೊರಿ ಖರ್ಚು. ಸುಮ್ನೆ ಮನೆಯಲ್ಲಿ ಕೂತಿದ್ದರೂ ಆ ಹೊತ್ತಿನಲ್ಲಿ 50ರಷ್ಟು ಖರ್ಚಾಗುತ್ತಿತ್ತು. ಅಂದರೆ ನಡೆದಿದ್ದಕ್ಕೆ ಅಂತ ಜಾಸ್ತಿ ಸಿಕ್ಕಿದ್ದು 140 ಮಾತ್ರ.

ಈಗ ಬೆಣ್ಣೆ ದೋಸೆಗೆ ಬರೋಣ. ದಾವಣಗೆರೆಯವನಾಗಿ ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಬೈಯುವ ಅಗತ್ಯವೂ ಇಲ್ಲ. ಲೆಕ್ಕ ಮಾತ್ರ ಗೊತ್ತಿರಲಿ. ಒಂದು ದೊಡ್ಡ ಚಮಚ ಬೆಣ್ಣೆ, ಅಂದರೆ 14 ಗ್ರಾಂ, ಸುಮಾರು 100 ಕ್ಯಾಲೊರಿ. ಎರಡು ದೋಸೆಗೆ ಎರಡು ಚಮಚ ಬಿದ್ದರೆ ಬೆಣ್ಣೆಯೊಂದರಿಂದಲೇ 200. ದೋಸೆ, ಆಲೂ ಪಲ್ಯ, ಚಟ್ನಿ ಇನ್ನೂ ಎಣಿಸಿಲ್ಲ. ಅಕ್ಕ ಮತ್ತು ಅವಳ ಗೆಳತಿಯರು ವಾರಕ್ಕೆ ಮೂರು ದಿನ ವಾಕಿಂಗ್ ಮುಗಿಸಿ ನೇರ ಹೋಗುತ್ತಿದ್ದದ್ದು ದೋಸೆ ಹೋಟೆಲಿಗೆ.

[ದೃಶ್ಯ: ಸಂಜೆ. ಮಂಡಕ್ಕಿ ಅಂಗಡಿ. ಬಾಣಲೆಯಿಂದ ಮಿರ್ಚಿ ತೆಗೆಯುತ್ತಿರುವ ಕೈ.]

ಸಂಜೆ ಮಂಡಕ್ಕಿ, ಮಿರ್ಚಿ. ಮಂಡಕ್ಕಿ ಹಗುರ, ಹಾಗಾಗಿ ಎಷ್ಟು ತಿಂದರೂ ಲೆಕ್ಕಕ್ಕಿಲ್ಲ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಗುರ ಇರುವುದು ಕೈಗೆ. ತೂಕ ಹಾಕಿ ನೋಡಿದರೆ 50 ಗ್ರಾಂ ಮಂಡಕ್ಕಿಗೆ ಸುಮಾರು 200 ಕ್ಯಾಲೊರಿ, ಪ್ರೋಟೀನ್ ಮೂರು ಗ್ರಾಂ. ಅಕ್ಕಿಯೇ ಅಲ್ವಾ ಅದು, ಉಬ್ಬಿದೆ ಅಷ್ಟೆ. ಮೇಲೆ ಮಿರ್ಚಿ ಕುಡಿದ ಎಣ್ಣೆ ಬೇರೆ.

ಎಣ್ಣೆ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಯಾಕೆಂದರೆ ಯಾರೂ ಎಣಿಸದ ಕ್ಯಾಲೊರಿ ಇರುವುದು ಅಲ್ಲೇ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲೊರಿ, ಅನ್ನ-ರೊಟ್ಟಿಯ ಪಿಷ್ಟಕ್ಕೂ 4, ಎಣ್ಣೆ-ತುಪ್ಪಕ್ಕೆ 9. ಅಕ್ಕನ ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ. ತಲೆಗೆ ಒಂದು ಲೀಟರ್, ಅಂದರೆ ದಿನಕ್ಕೆ 30 ಗ್ರಾಂ, ಸುಮಾರು 270 ಕ್ಯಾಲೊರಿ. ನಾಲ್ಕರ ಬದಲು ಮೂರೇ ಲೀಟರ್ ತಂದರೆ ಮನೆಯ ಪ್ರತಿಯೊಬ್ಬರಿಗೂ ದಿನಕ್ಕೆ 65ರಿಂದ 70 ಕ್ಯಾಲೊರಿ ಕಮ್ಮಿ. ಯಾರೂ ಒಂದು ತುತ್ತು ಬಿಡಬೇಕಾಗಿಲ್ಲ. ನಿಮ್ಮ ಮನೆ ಲೆಕ್ಕ ಹಾಕುವುದೂ ಸುಲಭ. ತಿಂಗಳ ದಿನಸಿ ಚೀಟಿ ತೆಗೆದು ನೋಡಿ.

ಸರಿ, ಅಕ್ಕನಿಗೆ ದಿನಕ್ಕೆ ಬೇಕಾಗಿರುವುದಾದರೂ ಎಷ್ಟು?

[ದೃಶ್ಯ: ಬಿಳಿ ಹಲಗೆ. ಬರೆಯುತ್ತಾ ಹೇಳುವುದು.]

1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಅನ್ನುವ ಸೂತ್ರ ಇದೆ. ತೂಕವನ್ನು 10ರಿಂದ ಗುಣಿಸಿ. ಎತ್ತರವನ್ನು ಸೆಂಟಿಮೀಟರಿನಲ್ಲಿ ತಗೊಂಡು 6.25ರಿಂದ ಗುಣಿಸಿ, ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಕೊನೆಗೆ ಹೆಂಗಸರಾದರೆ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ. ಅಕ್ಕನಿಗೆ ಬಂದದ್ದು ಸುಮಾರು 1,336. ಇಡೀ ದಿನ ಮಲಗಿದ್ದರೂ ದೇಹಕ್ಕೆ ಬೇಕಾದ ಶಕ್ತಿ ಇದು. ಮನೆಗೆಲಸ ಮತ್ತು ನಡಿಗೆ ಸೇರಿಸಲು ಇದನ್ನು 1.375ರಿಂದ ಗುಣಿಸಿದೆ. ಸುಮಾರು 1,840 ಬಂತು.

ಇಲ್ಲಿ ಒಂದು ಎಚ್ಚರ. ನಡಿಗೆ ಆಗಲೇ ಈ 1,840ರ ಒಳಗೆ ಸೇರಿದೆ. ವಾಚ್ ನೋಡಿ "ಇವತ್ತು 200 ಕರಗಿಸಿದೆ, ಹಾಗಾಗಿ 200 ಜಾಸ್ತಿ ತಿನ್ನಬಹುದು" ಅಂದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದ ಹಾಗೆ.

ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಾ 400 ಕಮ್ಮಿ ತಿಂದರೆ ವಾರಕ್ಕೆ 2,800. ಒಂದು ಕೆ.ಜಿ. ಇಳಿಯಲು ಹೆಚ್ಚುಕಮ್ಮಿ ಮೂರು ವಾರ ಬೇಕು. ಇಷ್ಟು ನಿಧಾನವಾ ಅಂತ ಅಕ್ಕನೂ ಕೇಳಿದಳು. ಹೌದು, ಇಷ್ಟು ನಿಧಾನ. "ಹತ್ತು ದಿನದಲ್ಲಿ ಐದು ಕೆ.ಜಿ." ಅನ್ನುವವರ ತಕ್ಕಡಿಯಲ್ಲಿ ಇಳಿದದ್ದು ಬಹುಪಾಲು ನೀರು. ನಮ್ಮ ದೇಹ ಪಿಷ್ಟವನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ. ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತದೆ. ಊಟ ಬಿಟ್ಟ ಮೊದಲ ವಾರ ಅದೇ ಹೋಗುತ್ತದೆ. ಮತ್ತೆ ಉಂಡ ಕೂಡಲೇ ಅದೇ ವಾಪಸ್ ಬರುತ್ತದೆ.

ಅಕ್ಕ ಇದನ್ನು ಅನುಭವಿಸಿದ್ದಾಳೆ. ಎರಡು ವರ್ಷದ ಹಿಂದೆ ಯಾರೋ ಹೇಳಿದರು ಅಂತ ಒಂದು ತಿಂಗಳು ಬರೀ ಗಂಜಿ, ಹಣ್ಣಿನ ಮೇಲೆ ಇದ್ದಳು. ಐದು ಕೆ.ಜಿ. ಇಳಿಯಿತು. ಕೂದಲು ಉದುರಿತು. ನೆಲದಿಂದ ಏಳಲು ಗೋಡೆ ಹಿಡಿಯಬೇಕಾಯಿತು. ನಾಲ್ಕು ತಿಂಗಳಲ್ಲಿ ಆರು ಕೆ.ಜಿ. ತಿರುಗಿ ಬಂತು. ನನಗೆ ಇವತ್ತಿಗೂ ನೋವಾಗುವುದು ಆ ಗೋಡೆ ಹಿಡಿದು ಏಳುತ್ತಿದ್ದ ಚಿತ್ರ ನೆನೆದಾಗ. ಅವಳಿಗೆ ಆಗ ನಲವತ್ತು ವರ್ಷ ಅಷ್ಟೆ.

ಆವಾಗ ಆಗಿದ್ದು ಇಷ್ಟು. ಊಟ ಕಮ್ಮಿಯಾದಾಗ ದೇಹ ಕೊಬ್ಬನ್ನಷ್ಟೇ ಉರಿಸುವುದಿಲ್ಲ, ಮಾಂಸಖಂಡವನ್ನೂ ಉರಿಸುತ್ತದೆ. ಬರೀ ಪಥ್ಯದಿಂದ ಇಳಿದ ತೂಕದಲ್ಲಿ ಕಾಲು ಭಾಗದಷ್ಟು ಕೊಬ್ಬೇ ಅಲ್ಲದೆ ಇರಬಹುದು. ತೊಡೆ, ಬೆನ್ನು, ತೋಳಿನ ಶಕ್ತಿ ಹೋಗುತ್ತದೆ. ತೂಕ ತಿರುಗಿ ಬರುವಾಗ ಮಾತ್ರ ಹೆಚ್ಚಾಗಿ ಕೊಬ್ಬೇ ಬರುತ್ತದೆ. ಇದನ್ನು ತಡೆಯುವ ದಾರಿ ಎರಡು, ಎರಡೂ ಒಟ್ಟಿಗೆ ಬೇಕು: ಸಾಕಷ್ಟು ಪ್ರೋಟೀನ್, ಮತ್ತು ಮಾಂಸಖಂಡಕ್ಕೆ ಕೆಲಸ.

[ದೃಶ್ಯ: ಅಕ್ಕನ ಅಡುಗೆ ಮನೆ. ಕಾಳಿನ ಡಬ್ಬಿಗಳು. ಚಿಕ್ಕ ತಕ್ಕಡಿ.]

ಪ್ರೋಟೀನ್ ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆ.ಜಿ.ಗೆ 0.83 ಗ್ರಾಂ. ತೂಕ ಇಳಿಸುತ್ತಾ ವ್ಯಾಯಾಮ ಮಾಡುವವರಿಗೆ ಸಾಮಾನ್ಯವಾಗಿ 1.2ರಿಂದ 1.6 ಗ್ರಾಂ ಹೇಳುತ್ತಾರೆ. ತೂಕ ಜಾಸ್ತಿ ಇರುವವರು ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕಿದರೆ ಸಾಕು. ಅಕ್ಕನ ಗುರಿ 62 ಕೆ.ಜಿ. ಹಾಗಾಗಿ ಕಮ್ಮಿ ಅಂದರೂ 75 ಗ್ರಾಂ ಹತ್ತಿರ ಬೇಕು. ಅವಳು ತಿನ್ನುತ್ತಿದ್ದದ್ದು ಬರೆದಿಟ್ಟು ನೋಡಿದಾಗ 40 ದಾಟುತ್ತಿರಲಿಲ್ಲ.

"ಮೊಟ್ಟೆ, ಮಾಂಸ ನಾವು ಮುಟ್ಟಲ್ಲ, ಪ್ರೋಟೀನ್ ಎಲ್ಲಿಂದ ತರ್ಲಿ?" ಅಂದಳು. ದಾವಣಗೆರೆ, ಚಿತ್ರದುರ್ಗದ ಎಷ್ಟೋ ಮನೆಗಳ ಪ್ರಶ್ನೆ ಇದು. ನಾನು ಡಬ್ಬಿಗಳನ್ನು ತೋರಿಸಿದೆ. ಹೆಸರುಕಾಳು, ಹುರುಳಿ, ಮಡಕೆ ಕಾಳು, ತೊಗರಿಬೇಳೆ. ಯಾವುದನ್ನು ತಗೊಂಡರೂ 100 ಗ್ರಾಂ ಒಣಕಾಳಿನಲ್ಲಿ 22ರಿಂದ 24 ಗ್ರಾಂ ಪ್ರೋಟೀನ್. ತೊಂದರೆ ಏನೆಂದರೆ ನಾವು ಬೇಳೆಯನ್ನು ಸಾರು ಮಾಡಿ ನೀರಾಗಿಸುತ್ತೇವೆ. ಒಂದು ಸೌಟು ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಹೇಳಿ? ಕಾಳು ತಟ್ಟೆಯಲ್ಲಿ ಪಲ್ಯವಾಗಿ ಕೂರಬೇಕು. ಜೋಳದ ರೊಟ್ಟಿ ಜೊತೆ ಕಾಳುಪಲ್ಯ ಅನ್ನುವ ನಮ್ಮ ಹಳೇ ಜೋಡಿ ಬಹಳ ಸರಿಯಾದದ್ದು. ಜೋಳದಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶ ಕಾಳಿನಲ್ಲಿದೆ. ಕಾಳಿನಲ್ಲಿ ಕಮ್ಮಿ ಇರುವ ಮೆಥಿಯೊನಿನ್ ಜೋಳದಲ್ಲಿದೆ.

ಶೇಂಗಾ ಬಗ್ಗೆ ಹೇಳದೆ ಇರಲು ಆಗಲ್ಲ. ಚಳ್ಳಕೆರೆ ಕಡೆಯವರಂತೂ ಕೇಳಿಯೇ ಕೇಳುತ್ತಾರೆ. 100 ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇದೆ, ನಿಜ. ಆದರೆ ಅದರ ಅರ್ಧದಷ್ಟು ತೂಕ ಎಣ್ಣೆ. ಚಳ್ಳಕೆರೆಯಲ್ಲಿ ಎಣ್ಣೆ ಗಿರಣಿಗಳು ಬೆಳೆದಿದ್ದೇ ಅದಕ್ಕೆ. 100 ಗ್ರಾಂಗೆ ಸುಮಾರು 567 ಕ್ಯಾಲೊರಿ. ಒಳ್ಳೆಯ ಆಹಾರವೇ, ಒಂದು ಚಿಕ್ಕ ಹಿಡಿ ತಿನ್ನಿ. ಪ್ರೋಟೀನ್‌ಗಾಗಿ ಅದನ್ನೇ ನಂಬಿದರೆ ಕ್ಯಾಲೊರಿ ಕೈಮೀರುತ್ತದೆ. ಅದೇ ಸೋಯಾ ಚಂಕ್ಸ್ ನೋಡಿ. 100 ಗ್ರಾಂಗೆ 50 ಗ್ರಾಂ ದಾಟುವ ಪ್ರೋಟೀನ್, ಕ್ಯಾಲೊರಿ 345.

[ದೃಶ್ಯ: ಅಕ್ಕನ ಒಂದು ದಿನದ ಊಟ, ತಟ್ಟೆ ತಟ್ಟೆಯಾಗಿ.]

ಅಕ್ಕನ ಈಗಿನ ದಿನ ಹೀಗಿರುತ್ತದೆ. ಬೆಳಿಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ಎರಡು ದೋಸೆ, ಒಂದು ಚಿಕ್ಕ ಚಮಚ ಎಣ್ಣೆ. ಪ್ರೋಟೀನ್ 14 ಗ್ರಾಂ, ಕ್ಯಾಲೊರಿ 250. ಮಧ್ಯಾಹ್ನ ಒಂದು ಜೋಳದ ರೊಟ್ಟಿ, 40 ಗ್ರಾಂ ಒಣಕಾಳಿನ ಪಲ್ಯ, ಚಿಕ್ಕ ಬಟ್ಟಲು ಅನ್ನ, ಒಂದು ಬಟ್ಟಲು ಮೊಸರು. 22 ಗ್ರಾಂ, 585. ಸಂಜೆ ಮಂಡಕ್ಕಿ ಹೊತ್ತಿಗೆ 30 ಗ್ರಾಂ ಪುಟಾಣಿ, ಅಂದರೆ ಹುರಿಗಡಲೆ. 6 ಗ್ರಾಂ, 110. ರಾತ್ರಿ 40 ಗ್ರಾಂ ಸೋಯಾ ಚಂಕ್ಸ್ ಪಲ್ಯ, ಒಂದು ರೊಟ್ಟಿ. 25 ಗ್ರಾಂ, 355. ದಿನಕ್ಕೆ ಒಂದು ಲೋಟ ಹಾಲು, ಕಾಫಿಗೆ ಹಾಕಿದ್ದೂ ಸೇರಿ. 6 ಗ್ರಾಂ, 120.

ಒಟ್ಟು 73 ಗ್ರಾಂ ಪ್ರೋಟೀನ್, ಸುಮಾರು 1,420 ಕ್ಯಾಲೊರಿ. ಸೊಪ್ಪು, ಸೌತೆಕಾಯಿ, ಮೂಲಂಗಿ ಲೆಕ್ಕಕ್ಕೆ ಹಿಡಿದಿಲ್ಲ. ಅವನ್ನು ಹೊಟ್ಟೆ ತುಂಬ ತಿನ್ನಲಿ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ. ಒಂದು ಮೊಟ್ಟೆಗೆ 6 ಗ್ರಾಂ, 70 ಚಿಲ್ಲರೆ ಕ್ಯಾಲೊರಿ. ಪೌಡರ್ ಡಬ್ಬಿ ಬೇಕೇ ಬೇಕು ಅಂತ ಏನೂ ಇಲ್ಲ.

ಮೊದಲ ವಾರ ಮುಗಿದಾಗ ಅಕ್ಕ ಹೇಳಿದ ಮಾತು ನನಗೆ ಖುಷಿ ಕೊಟ್ಟಿತು. "ಹಸಿವೇ ಆಗ್ತಿಲ್ಲ ತಮ್ಮಾ." ಪ್ರೋಟೀನ್ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ಅರಗಿಸುವುದಕ್ಕೇ ಅದರ ಕ್ಯಾಲೊರಿಯಲ್ಲಿ ನೂರಕ್ಕೆ 20ರಿಂದ 30 ಖರ್ಚಾಗುತ್ತದೆ. ಕೊಬ್ಬಿಗೆ ಆ ಖರ್ಚು 3 ದಾಟುವುದಿಲ್ಲ.

[ದೃಶ್ಯ: ಹಳೆಯ ಗರಡಿ ಮನೆ. ಕೆಮ್ಮಣ್ಣು, ಗದೆ.]

ಇನ್ನು ಮಾಂಸಖಂಡದ ಕೆಲಸ. ನಮ್ಮ ಕಡೆ ಗರಡಿ ಮನೆಗಳಿಗೆ ಬರ ಇರಲಿಲ್ಲ. ಪೈಲ್ವಾನರು ದಂಡ ಹೊಡೆಯುತ್ತಿದ್ದರು, ಬಸ್ಕಿ ಹೊಡೆಯುತ್ತಿದ್ದರು. ಜಿಮ್‌ನಲ್ಲಿ ಪುಷ್ಅಪ್, ಸ್ಕ್ವಾಟ್ ಅಂತ ಹೇಳಿಕೊಡುವುದು ಇವಕ್ಕೆ ಹತ್ತಿರದವೇ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ವ್ಯಾಯಾಮದ ಜೊತೆ ಎರಡು ದಿನವಾದರೂ ಬಲದ ವ್ಯಾಯಾಮ ಮಾಡಿ ಅನ್ನುತ್ತದೆ. ನಡಿಗೆ ಅಕ್ಕ ಮಾಡುತ್ತಲೇ ಇದ್ದಳು. ಬಲದ್ದು ಸೊನ್ನೆ ಇತ್ತು.

ಮಂಡಿ ನೋವಿದ್ದರಿಂದ ಕುರ್ಚಿಯಿಂದ ಶುರು ಮಾಡಿದಳು. ಕುರ್ಚಿ ಮೇಲೆ ಕೂತು, ಕೈ ಊರದೆ ಏಳುವುದು. ಎಂಟು ಸಲ, ಮೂರು ಸುತ್ತು. ಗೋಡೆಗೆ ಕೈ ಕೊಟ್ಟು ದಂಡ. ಐದು ಲೀಟರ್ ಎಣ್ಣೆ ಕ್ಯಾನಿಗೆ ನೀರು ತುಂಬಿ, ಬೆನ್ನು ನೆಟ್ಟಗಿಟ್ಟು ನೆಲದಿಂದ ಎತ್ತುವುದು. ವಾರಕ್ಕೆ ಮೂರು ದಿನ, 25 ನಿಮಿಷ. ಸುಲಭ ಅನ್ನಿಸಿದ ವಾರ ಪ್ರತಿ ಸುತ್ತಿಗೆ ಎರಡೆರಡು ಸಲ ಜಾಸ್ತಿ ಮಾಡುತ್ತಾ ಬಂದಳು. ಹೀಗೆ ಸ್ವಲ್ಪ ಸ್ವಲ್ಪ ಹೆಚ್ಚಿಸುವುದು ಮುಖ್ಯ. ಈ ಮಾಂಸಖಂಡ ಬೇಕು, ಉರಿಸಬೇಡ ಅಂತ ದೇಹಕ್ಕೆ ತಿಳಿಯುವುದು ಭಾರ ಹೆಚ್ಚಿದಾಗಲೇ.

ಕಿಡ್ನಿ ತೊಂದರೆ ಇರುವವರು ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರೂ ಅಷ್ಟೆ. ಊಟ ಕಮ್ಮಿಯಾಗಿ ಔಷಧಿ ಅಷ್ಟೇ ಇದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಸುರಿಯರು, ಬಾಣಂತಿಯರು, ಬೆಳೆಯುವ ಮಕ್ಕಳಿಗೆ ಈ ಲೆಕ್ಕ ಅಲ್ಲ.

[ದೃಶ್ಯ: ಅಕ್ಕನ ನೋಟ್‌ಬುಕ್. ಟೇಪು.]

ಐದು ತಿಂಗಳು ಆಯಿತು. ಅಕ್ಕ ಈಗ 65 ಕೆ.ಜಿ. ಸೊಂಟದ ಸುತ್ತಳತೆ 94 ಸೆಂಟಿಮೀಟರಿನಿಂದ 86ಕ್ಕೆ ಬಂದಿದೆ. ನಮ್ಮ ಹೆಣ್ಣುಮಕ್ಕಳಿಗೆ 80, ಗಂಡಸರಿಗೆ 90 ದಾಟಬಾರದು ಅಂತಾರೆ, ಹಾಗಾಗಿ ದಾರಿ ಇನ್ನೂ ಇದೆ. ನಡುವೆ ಹದಿನೈದು ದಿನ ತಕ್ಕಡಿ ಅಲುಗಾಡಲಿಲ್ಲ, ಒಂದು ವಾರ ಮೇಲೂ ಹೋಯಿತು. ಮುಟ್ಟಿನ ದಿನಗಳಲ್ಲಿ, ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನ, ದೇಹ ನೀರು ಹಿಡಿಯುತ್ತದೆ. ಅದಕ್ಕೇ ದಿನದ ತೂಕ ನೋಡಬೇಡಿ, ವಾರದ ಸರಾಸರಿ ನೋಡಿ. ತೂಕ ಇಳಿದ ಮೇಲೆ ಸೂತ್ರವನ್ನು ಮತ್ತೆ ಹಾಕಿ. 65 ಕೆ.ಜಿ.ಗೆ ಅಕ್ಕನ ಖರ್ಚು 1,840 ಇದ್ದದ್ದು ಸುಮಾರು 1,740ಕ್ಕೆ ಇಳಿದಿದೆ. ಹಗುರವಾದ ದೇಹ ಕಮ್ಮಿ ಉರಿಸುತ್ತದೆ.

ಬೆಣ್ಣೆ ದೋಸೆ ಬಿಟ್ಟಿಲ್ಲ. ಭಾನುವಾರ ಒಂದು, ಗೆಳತಿಯರ ಜೊತೆ. ಆವತ್ತು ಮಧ್ಯಾಹ್ನ ಅನ್ನ ಇಲ್ಲ, ಕಾಳು ಮತ್ತು ಮಜ್ಜಿಗೆ. ಮೊನ್ನೆ ಮನೆಗೆ ಹೋದಾಗ ನೆಲದ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ಎರಡೂ ಕೈಯಲ್ಲಿ ಮೊರ ಇತ್ತು, ಗೋಡೆ ಮುಟ್ಟಲಿಲ್ಲ.

[ದೃಶ್ಯ: ರಾತ್ರಿ. ಬಟ್ಟಲಿಗೆ ಹೆಸರುಕಾಳು, ಮೇಲೆ ನೀರು.]

ನೀವೂ ನಾಳೆ ಶುರು ಮಾಡುವುದಾದರೆ ಇವತ್ತು ರಾತ್ರಿ ತಲೆಗೆ 60 ಗ್ರಾಂನಂತೆ ಹೆಸರುಕಾಳು ನೆನೆಹಾಕಿ. ಬೆಳಿಗ್ಗೆ ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಉಪ್ಪು ಹಾಕಿ ರುಬ್ಬಿ. ಹುಳಿ ಬರಿಸುವ ಕೆಲಸ ಇಲ್ಲ. ಕಾವಲಿ ಚೆನ್ನಾಗಿ ಕಾದಿರಲಿ, ದೋಸೆ ತೆಳ್ಳಗೆ ಏಳುತ್ತದೆ.